ಮಾವನವರ ಮಾತಾಡುವ ಡಬ್ಬಿ

ಮಾರ್ಚ್ 3, ಸೋಮವಾರ

ಮಾವನವರ ಡಬ್ಬಿ ಬೆಳಗ್ಗೆಯಿಂದ ಮಾತಾಡುತ್ತಿಲ್ಲ.

ಡಬ್ಬಿ ಅಂತ ಹೆಸರಿಟ್ಟವರು ಮಾವನವರೇ. ಕನ್ನಡಕದ ಪೆಟ್ಟಿಗೆಯಷ್ಟಿದೆ. ಬಿಚ್ಚಿದರೆ ಒಂದು ಕಡೆ ಪರದೆ, ಇನ್ನೊಂದು ಕಡೆ ಕಾಳಿನಷ್ಟು ಸಣ್ಣ ಬಟನ್ನುಗಳು. ಒಳಗೆ ಓಡುವುದು ಲಿನಕ್ಸ್ ಅನ್ನುವ ವ್ಯವಸ್ಥೆ ಅಂತ ಇವರು, ಮಾವನವರ ಮಗ, ಹೇಳುತ್ತಿದ್ದರು. ಮಾವನವರಿಗೆ ಕಣ್ಣು ಹೋಗಿ ಒಂಬತ್ತು ವರ್ಷ. ಮೂರು ವರ್ಷದ ಹಿಂದೆ ಇವರು ಒಂದು ಮೆಮೊರಿ ಕಾರ್ಡಿಗೆ ಏನೇನೋ ತುಂಬಿಸಿ ಡಬ್ಬಿಯ ಪಕ್ಕೆಗೆ ಸಿಕ್ಕಿಸಿದರು. ಅವತ್ತಿನಿಂದ ಅದಕ್ಕೆ ಬಾಯಿ ಬಂತು. ಪುಸ್ತಕ ಓದುತ್ತದೆ, ಒತ್ತಿದ ಅಕ್ಷರ ಹೇಳುತ್ತದೆ, ಮಾವನವರು ಬರೆದದ್ದನ್ನು ಅವರಿಗೇ ಓದಿ ಒಪ್ಪಿಸುತ್ತದೆ.

ಇವತ್ತು ಮಾವನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದರು.

"ಇದರ ಮೇಲೆ ಏನಾದ್ರೂ ಬರೆದಿದೆಯಾ ನೋಡಮ್ಮ."

ಕಪ್ಪು ಪರದೆ ತುಂಬ ಬಿಳಿ ಅಕ್ಷರ. ಕೊನೆಯ ಸಾಲಿನಲ್ಲಿ ಕರ್ನೆಲ್ ಪ್ಯಾನಿಕ್ ಅಂತಿತ್ತು.

"ಗಾಬರಿಯಾಗಿದೆಯಂತೆ," ಅಂದೆ.

"ಯಾರಿಗೆ?"

"ಯಂತ್ರಕ್ಕೆ."

"ಪಾಪ," ಅಂದರು ಮಾವನವರು.

ಇವರಿಗೆ ಫೋನ್ ಮಾಡಿದರೆ ಒಂದು ನಿಮಿಷದ ಕೆಲಸ. ಆದರೆ ಮಾವನವರೇ "ಅವನಿಗೆ ಹೇಳ್ಬೇಡ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಇವರು "ಸ್ವಲ್ಪ ದಿನ ಒಬ್ಬನೇ ಇರ್ಬೇಕು ಅನ್ನಿಸ್ತಿದೆ" ಅಂತ ಸೂಟ್‌ಕೇಸ್ ತುಂಬಿಕೊಂಡು ಹೋಗಿ ಏಳು ತಿಂಗಳಾಯಿತು. ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿಯ ಊರು. ಅಲ್ಲಿ ಸಿಕ್ಕಿದ್ದು ಮೂರನೇ ಮಹಡಿ, ಲಿಫ್ಟಿಲ್ಲ, ಹಾಗಾಗಿ ಅಪ್ಪನನ್ನು ನನ್ನ ಹತ್ತಿರ ಬಿಟ್ಟರು. ಈಗ ನೆಲಮಹಡಿಯ ಮನೆ ಸಿಕ್ಕಿದೆಯಂತೆ. ಏಪ್ರಿಲ್ 6ಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿಯಿತು. ನಾನು ಕೆಲಸ ಮಾಡುವ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದೇನೆ. ಒಬ್ಬಳಿಗೆ ಸಾಕು. ಇನ್ನು ಐದು ವಾರ ದೂಡಿದರೆ ಆಯಿತು.

ಮಾರ್ಚ್ 5, ಬುಧವಾರ

ಪ್ರೆಸ್ಸಿನಿಂದ ಬರುವಾಗ ಮೊಬೈಲ್ ರಿಪೇರಿಯಾಕೆಯ ಅಂಗಡಿಗೆ ಹೋದೆ. ಆಕೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕಾ, ಇದು ಫೋನೂ ಅಲ್ಲ, ಕಂಪ್ಯೂಟರೂ ಅಲ್ಲ. ಯಾರು ಮಾರಿದ್ರು ನಿಮಗೆ?" ಅಂದಳು. ಕಾರ್ಡು ತೆಗೆದು ತನ್ನ ಕಂಪ್ಯೂಟರಿಗೆ ಹಾಕಿದಳು.

"ಅರ್ಧ ಕಾಣ್ತಿದೆ. ಉಳಿದರ್ಧ ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತಿದೆ. ಮಾಡ್ಲಾ?"

ಫಾರ್ಮ್ಯಾಟ್ ಅಂದರೆ ರಿಪೇರಿ ಅಂದುಕೊಂಡು ತಲೆಯಾಡಿಸಿಬಿಟ್ಟೆ. ಅವಳ ಬೆರಳು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅವಳೇ, "ಒಳಗಿರೋದೆಲ್ಲ ಹೋಗುತ್ತೆ, ಪರವಾಗಿಲ್ವಾ?" ಅಂದಳು. ಕಾರ್ಡು ಕಿತ್ತುಕೊಂಡು ಬಂದೆ. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಮನೆಗೆ ಬಂದು ಹೇಳಿದರೆ ಮಾವನವರು ಕುರ್ಚಿಯ ಕೈ ಹಿಡಿದುಕೊಂಡರು. "ನಾನು ಬರೆದಿದ್ದೆಲ್ಲ ಅದರಲ್ಲೇ ಇರೋದು." ಅಷ್ಟೇ ಅಂದದ್ದು. ಏನು ಬರೆದಿದ್ದಾರೋ. ಮೂರು ವರ್ಷದಿಂದ ಟಕಟಕ ಸದ್ದು ಕೇಳುತ್ತಿದ್ದೇನೆ, ಏನದು ಅಂತ ವಿಚಾರಿಸಬೇಕು ಅನ್ನಿಸಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಈ ಡಬ್ಬಿ ಇಟ್ಟುಕೊಂಡವರೇ ಸೇರಿಕೊಂಡು ಮಾತಾಡುವ ಒಂದು ಜಾಗ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಇದ್ದಬದ್ದ ಇಂಗ್ಲಿಷಿನಲ್ಲಿ ನನ್ನ ಕಷ್ಟ ತೋಡಿಕೊಂಡೆ. 'ಒಂಟಿಕಾಲಿನ ಕೊಕ್ಕರೆ' ಅನ್ನುವ ಅರ್ಥದ ಹೆಸರಿನವನೊಬ್ಬ (ಒಬ್ಬಳೋ?) ಉತ್ತರ ಕೊಟ್ಟ. ಅದು ಉತ್ತರವೂ ಅಲ್ಲ, ಆರು ಪ್ರಶ್ನೆ. ಬೂಟ್ ಹೇಗೆ ಆಗುತ್ತಿದೆ ಅಂತ ಮೊದಲನೇದು. ನನಗೆ ಗೊತ್ತಿರುವ ಬೂಟು ಕಾಲಿಗೆ ಹಾಕುವಂಥದ್ದು.

ಅವನ ಹತ್ತಿರ ಹೇಳಿಸಿಕೊಂಡು ಹೇಳಿಸಿಕೊಂಡು ನನಗೆ ಅರ್ಥವಾದದ್ದು ಇಷ್ಟು. ಡಬ್ಬಿ ಆನ್ ಆದಾಗ ಯಾವ ವ್ಯವಸ್ಥೆ ಎದ್ದು ಕೆಲಸ ಶುರುಮಾಡಬೇಕು ಅನ್ನುವುದೇ ಬೂಟು. ನಮ್ಮ ಡಬ್ಬಿಯಲ್ಲಿ ಮೂರು ಸಂಸಾರ. ಡಬ್ಬಿಯ ಹೊಟ್ಟೆಯೊಳಗೇ ಕಂಪನಿಯವರು ಇಟ್ಟದ್ದು ಒಂದು, ಅದು ಮೂಗ. ಕಾರ್ಡಿನಲ್ಲಿ ಇವರು ಕೂರಿಸಿದ್ದು ಇನ್ನೊಂದು, ಅದಕ್ಕೆ ಬಾಯಿದೆ. ಅದೇ ಕಾರ್ಡಿನಲ್ಲಿ ಇವರು ಶುರುಮಾಡಿ ಅರ್ಧಕ್ಕೆ ಬಿಟ್ಟದ್ದು ಮೂರನೆಯದು. ಒಂದು ಬಟನ್ ಅದುಮಿಕೊಂಡು ಆನ್ ಮಾಡಿದರೆ ಮೂರರ ಪಟ್ಟಿ ಬರುತ್ತದೆ. ನಿಜಕ್ಕೂ ಬಂತು! ಎರಡನೆಯದನ್ನು ಆರಿಸಿದೆ. ಮತ್ತೆ ಗಾಬರಿ.

ಪಟ್ಟಿಗೆ ದನಿಯಿಲ್ಲ. ಅಂದರೆ ಮಾವನವರಿಗೆ ಅಂಥದ್ದೊಂದು ಪಟ್ಟಿ ಇದೆ ಅಂತಲೇ ಇಷ್ಟು ದಿನ ಗೊತ್ತಿರಲಿಲ್ಲ.

ಮಾರ್ಚ್ 9, ಭಾನುವಾರ

ಕೊಕ್ಕರೆಯ ಮೊದಲ ಆಜ್ಞೆ: ಯಾವುದನ್ನೂ ಮುಟ್ಟುವ ಮುಂಚೆ ಕಾರ್ಡಿನ ನಕಲು ಮಾಡಿ.

ನಿನ್ನೆ ಹೊಸ ಕಾರ್ಡು ತಂದು, ಹಳೆಯದರಲ್ಲಿ ಕಂಡದ್ದನ್ನೆಲ್ಲ ಎಳೆದು ಹಾಕಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಇಷ್ಟು ಸುಲಭವೇ ಅಂತ ಬೀಗಿದ್ದೇ ಬಂತು, ಡಬ್ಬಿಗೆ ಹಾಕಿದರೆ ಈ ಸಲ ಗಾಬರಿಪಡುವಷ್ಟೂ ಜೀವವಿಲ್ಲ. ಕಂಪ್ಯೂಟರಿಗೆ ಕಾಣದ ಅರ್ಧ ಅಲ್ಲೇ ಉಳಿದಿತ್ತಂತೆ. ಅರ್ಥ ನೋಡಿಕೊಂಡು ನಕಲು ಮಾಡಬಾರದು, ಮೊದಲ ಚುಕ್ಕೆಯಿಂದ ಕೊನೆಯ ಚುಕ್ಕೆಯವರೆಗೆ ಇದ್ದದ್ದನ್ನು ಇದ್ದ ಹಾಗೇ ಎತ್ತಬೇಕು ಅಂದ ಕೊಕ್ಕರೆ. ಇದು ನನಗೆ ಥಟ್ಟನೆ ತಿಳಿಯಿತು. ಹತ್ತೊಂಬತ್ತು ವರ್ಷದಿಂದ ಪ್ರೂಫ್ ನೋಡುವವಳಿಗೆ ಬೇರೆ ಹೇಳಬೇಕೇ? ಓದುಗರ ಹಾಗೆ ಓದಿದರೆ ತಪ್ಪು ಕಾಣುವುದೇ ಇಲ್ಲ.

ಹಾಗೆ ಮಾಡುವ ಸಾಫ್ಟ್‌ವೇರನ್ನು ಅವನೇ ತೋರಿಸಿಕೊಟ್ಟ. ಬೆಳಗ್ಗೆ ಹತ್ತಕ್ಕೆ ಹಾಕಿದ್ದು ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮಾವನವರು, "ಎಷ್ಟಾಯ್ತು?" ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ.

ಈ ನಕಲನ್ನು ಡಬ್ಬಿಗೆ ಹಾಕಿದೆ. ಗಾಬರಿ. ನಕಲು ಅಷ್ಟು ಪಕ್ಕಾ!

ಮಾರ್ಚ್ 11, ಮಂಗಳವಾರ

ಮಾವನವರಿಗೆ ಹೊತ್ತು ಹೋಗುತ್ತಿಲ್ಲ. ಸಂಜೆ ನಾನು ಪ್ರೆಸ್ಸಿನ ಕೆಲಸ ಹರಡಿಕೊಂಡು ಕೂತಿದ್ದಾಗ, "ಏನಾದ್ರೂ ಓದಮ್ಮ, ಏನಾದ್ರೂ ಸರಿ," ಅಂದರು. ನನ್ನ ಹತ್ತಿರ ಇರುವುದು ಔಷಧಿ ಪೆಟ್ಟಿಗೆಯೊಳಗೆ ಮಡಚಿಡುವ ಚೀಟಿಗಳು ಅಂದೆ. "ಅದನ್ನೇ ಓದು."

ಅಸಲಿಗೆ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಅಚ್ಚು ನೋಡಬೇಕು. ನನ್ನ ಜೊತೆ ಓದುತ್ತಿದ್ದಾಕೆ ಜನವರಿಯಲ್ಲಿ ರಿಟೈರ್ ಆದರು, ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಕಂಪ್ಯೂಟರೇ ತಾಳೆ ನೋಡುತ್ತದೆ ಅನ್ನುತ್ತಾರೆ ಫೋರ್‌ಮನ್. ನಾನು ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಒಬ್ಬಳೇ ನೋಡುತ್ತೇನೆ.

ಓದಿದೆ. ತಲೆಸುತ್ತು, ವಾಂತಿ, ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಸಿಟ್ಟು.

"ಸಿಟ್ಟೂ ಬರುತ್ತಾ? ಯಾವ ಗುಳಿಗೆ ಅದು? ನಿಮ್ಮತ್ತೆ ತಗೋತಿದ್ಲೇನೋ!"

ತಡೆಯಲಾಗದೆ ನಕ್ಕುಬಿಟ್ಟೆ. ಅತ್ತೆ ತೀರಿಕೊಂಡು ಹನ್ನೊಂದು ವರ್ಷ, ಪಾಪ.

ಅಂಕಿ ಬಂದಾಗಲೆಲ್ಲ ಮಾವನವರು ಅದನ್ನು ತಿರುಗಿ ಹೇಳುತ್ತಾರೆ. "ಎರಡು, ಬಿಂದು, ಐದು. ಸರಿ, ಮುಂದೆ." ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಂಬರು ತಿರುಗಿ ಹೇಳದೆ ಕನೆಕ್ಷನ್ ಕೊಡುವ ಹಾಗಿರಲಿಲ್ಲವಂತೆ.

ಮಾರ್ಚ್ 14, ಶುಕ್ರವಾರ

ಮಾತಾಡಿತು! ನಾನೇನೂ ಮಾಡಲಿಲ್ಲ. ನಕಲು ಕಾರ್ಡು ಹಾಕಿ ಸುಮ್ಮನೆ ಇನ್ನೊಂದು ಸಲ ಆನ್ ಮಾಡಿದೆ, "ಸಿದ್ಧ" ಅಂತು. ಮಾವನವರು ಸ್ನಾನ ಅರ್ಧಕ್ಕೆ ಬಿಟ್ಟು ಟವೆಲ್ ಸುತ್ತಿಕೊಂಡು ಬಂದರು.

ಮಾರ್ಚ್ 15, ಶನಿವಾರ

ಮತ್ತೆ ಗಾಬರಿ. ನಿನ್ನೆ ಸರಿಯಿದ್ದದ್ದು ಇವತ್ತು ಯಾಕಿಲ್ಲ? ನಾನು ಮುಟ್ಟಿಯೂ ಇಲ್ಲ.

ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆಯುತ್ತಿದ್ದೇನೆ. ಹನ್ನೆರಡು ಸಲ ಆನ್ ಮಾಡಿದೆ: ಹೌದು, ಇಲ್ಲ, ಇಲ್ಲ, ಹೌದು, ಇಲ್ಲ, ಇಲ್ಲ, ಇಲ್ಲ, ಹೌದು, ಹೌದು, ಇಲ್ಲ, ಹೌದು, ಇಲ್ಲ. ಪೂರ್ತಿ ಚಾರ್ಜ್ ಮಾಡಿ ನೋಡಿದೆ. ಫ್ಯಾನಿನ ಕೆಳಗಿಟ್ಟು ನೋಡಿದೆ. ನನ್ನ ಕೈಯಲ್ಲಿ ಏಳದ್ದು ಮಾವನವರ ಕೈಯಲ್ಲಿ ಎದ್ದಿತು. ಹಾಗಾದರೆ ಅವರ ಕೈಗುಣ ಅಂದುಕೊಂಡರೆ ಮುಂದಿನ ಸಲ ಅವರಿಗೂ ಕೈ ಕೊಟ್ಟಿತು. ಕೆಟ್ಟಿದ್ದರೆ ಕೆಟ್ಟಿದೆ ಅನ್ನಬಹುದು. ಸರಿಯಿದ್ದರೆ ಸರಿಯಿದೆ ಅನ್ನಬಹುದು. ಇದಕ್ಕೆ ಏನನ್ನುವುದು? ಮನುಷ್ಯರಾಗಿದ್ದರೆ ಬೈಯಬಹುದಿತ್ತು.

ಮಾರ್ಚ್ 16, ಭಾನುವಾರ

ಮಾವನವರು ಏನು ಬರೆಯುತ್ತಿದ್ದರು ಅಂತ ಕೊನೆಗೂ ಕೇಳಿದೆ. ಎಕ್ಸ್‌ಚೇಂಜಿನ ಕಥೆಗಳಂತೆ. ಒಂದು ಹೇಳಿದರು.

ಒಬ್ಬಾಕೆ ಪ್ರತಿ ಶನಿವಾರ ದೂರದ ಊರಿನ ಅಣ್ಣನ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದಳಂತೆ. ಅತ್ತ ಯಾರೂ ಎತ್ತುತ್ತಿರಲಿಲ್ಲ. ಒಂದು ನಿಮಿಷ ಬಡಿದರೆ ಕಡಿದುಬಿಡಬೇಕು ಅನ್ನುವುದು ನಿಯಮ, ಮಾವ ಮೂರು ನಿಮಿಷ ಬಿಡುತ್ತಿದ್ದರಂತೆ. ಹದಿನಾಲ್ಕನೆಯ ವಾರ ಯಾರೋ ಎತ್ತಿದರು. ಅಣ್ಣ ಮನೆ ಖಾಲಿ ಮಾಡಿ ಹೋಗಿ ಎಷ್ಟೋ ದಿನವಾಗಿತ್ತು, ಎತ್ತಿದವರು ಹೊಸದಾಗಿ ಬಂದ ಒಬ್ಬ ಮುದುಕಿ. ಇಬ್ಬರೂ ಮೂರು ನಿಮಿಷ ಮಾತಾಡಿದರು. ಮುಂದಿನ ಶನಿವಾರ ಆಕೆ ಮತ್ತೆ ಅದೇ ನಂಬರು ಬುಕ್ ಮಾಡಿದಳು.

"ಆಮೇಲೆ?"

"ಆಮೇಲೇನು, ನಾಲ್ಕು ವರ್ಷ ಮಾತಾಡಿದ್ರು. ನಾನು ಕೇಳಿಸ್ಕೋಬಾರ್ದಿತ್ತು. ಕೇಳಿಸ್ಕೊಂಡೆ."

ಇಂಥವು ಎಷ್ಟಿವೆ ಅಂದೆ. "ಮುನ್ನೂರು ಪುಟ ಇರ್ಬಹುದು. ಪುಟ ನನಗೆಲ್ಲಿ ಕಾಣುತ್ತೆ?"

ಕಾರ್ಡಿನ ಇನ್ನೂ ಒಂದು ನಕಲು ಮಾಡಿ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಮಾರ್ಚ್ 18, ಮಂಗಳವಾರ

ಮಾವನಿಗೆ ಅವರ ಮಗನ ಫೋನ್ ಬಂದಿತ್ತು. ಹೊಸ ಮನೆಗೆ ಬಣ್ಣ ಹೊಡೆಸುತ್ತಿದ್ದಾರಂತೆ, ಬಚ್ಚಲಿನಲ್ಲಿ ಅಪ್ಪನಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾರಂತೆ. "ಡಬ್ಬಿ ಹೇಗಿದೆಯಪ್ಪಾ?" ಅಂತ ಕೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಓಹೋ, ಬಾಯಿ ಮುಚ್ಚಿದ್ರೆ ಕೇಳು," ಅಂದರು ಮಾವ. ಎದುರಿಗೆ ಮೇಜಿನ ಮೇಲೆ ಡಬ್ಬಿ ಪ್ಯಾನಿಕ್ಕಾಗಿ ಬಿದ್ದಿತ್ತು.

ಫೋನಿಟ್ಟ ಮೇಲೆ ಯಾಕೆ ಸುಳ್ಳು ಹೇಳಿದಿರಿ ಅಂದೆ.

"ಅವನು ಫೋನಲ್ಲೇ ಪಾಠ ಶುರುಮಾಡ್ತಾನೆ. ಅದನ್ನ ಒತ್ತು, ಇದನ್ನ ಒತ್ತು, ನಿನಗೆ ಇಷ್ಟೂ ಗೊತ್ತಾಗಲ್ವಾ ಅಂತ. ಕೇಳಿಸ್ಕೊಳ್ಳೋಳು ನೀನು. ಹದಿನಾರು ವರ್ಷ ಅದನ್ನ ಕೇಳಿಸ್ಕೊಂಡು ನನಗೇ ಸಾಕಾಗಿದೆ."

ಟೀ ಇಡಲು ಎದ್ದು ಹೋದೆ. ಗೋಡೆಯಾಚೆ ಅವರಿಗೆ ಅದೆಲ್ಲ ಕೇಳಿಸುತ್ತಿತ್ತು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಕಣ್ಣು ಕಾಣದವರಿಗೆ ಕಿವಿಯೂ ಕೇಳುವುದಿಲ್ಲ ಅಂದುಕೊಂಡಿದ್ದೆನೋ ಏನೋ.

ಮಾರ್ಚ್ 20, ಗುರುವಾರ

ಫೋನಿಟ್ಟು ಈಗಷ್ಟೇ ಬಂದು ಕೂತೆ. ಅಕ್ಷರ ಹೇಗಿದೆ ನೋಡು.

ಎಳೆಮಕ್ಕಳ ಸಿರಪ್ಪಿನ ಚೀಟಿ. ನಿನ್ನೆ ಮೂಲ ಓದಿದ್ದೆ, ಇವತ್ತು ಅಚ್ಚಿನ ಪ್ರೂಫ್ ಓದುತ್ತಿದ್ದೆ. ಆರು ತಿಂಗಳೊಳಗಿನ ಮಗುವಿಗೆ ಎಷ್ಟು ಕೊಡಬೇಕು ಅನ್ನುವಲ್ಲಿ ಓದಿ ಮುಂದೆ ಹೋದೆ.

"ನಿಲ್ಲು. ಹಿಂದಕ್ಕೆ ಹೋಗು."

"ಐದು ಎಂ.ಎಲ್., ಮಾವ."

"ನಿನ್ನೆ ಐದು ಅನ್ನೋಕೆ ಮುಂಚೆ ಏನೋ ಇತ್ತು. ಉದ್ದ ಇತ್ತು ಆ ಜಾಗ."

ಮೂಲ ತೆಗೆದೆ. ಸೊನ್ನೆ ಬಿಂದು ಐದು. ಅಚ್ಚಿನಲ್ಲಿ ಬರೀ ಐದು. ಹತ್ತು ಪಟ್ಟು! ನಾನು ಮಧ್ಯಾಹ್ನ ಪ್ರೆಸ್ಸಿನಲ್ಲಿ ಸ್ಕೇಲ್ ಇಟ್ಟು ಅದೇ ಸಾಲು ನೋಡಿ ಸರಿ ಗುರುತು ಹಾಕಿದ್ದೆ. ಈ ಎರಡು ಕಣ್ಣಿನಿಂದಲೇ.

ಫೋರ್‌ಮನ್ ಮನೆಗೆ ಫೋನ್ ಮಾಡಿದೆ. ಮಷಿನ್ ಬೆಳಗ್ಗೆ ಏಳಕ್ಕೆ ಶುರುವಾಗುವುದಿತ್ತು.

ಮಾರ್ಚ್ 21, ಶುಕ್ರವಾರ

ಮಷಿನ್ನಿನಿಂದ ಅಚ್ಚಿನ ಪ್ಲೇಟ್ ಇಳಿಸಿದರು. ಯಾರೋ ಮೂಲದ ಬದಲು ಹಳೆಯ ಫೈಲಿಗೇ ಹೊಸದನ್ನು ತಾಳೆ ಹಾಕಿದ್ದರಂತೆ. ಎರಡರಲ್ಲೂ ಒಂದೇ ತಪ್ಪು, ಕಂಪ್ಯೂಟರು ಎರಡೂ ಸರಿಸಮ ಅಂದಿದೆ. ಫೋರ್‌ಮನ್ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ, "ಯಾರು ಕಂಡುಹಿಡಿದಿದ್ದು?" ಅಂದರು. ನಮ್ಮ ಮಾವ ಅಂದೆ. "ಕಣ್ಣು ಚೆನ್ನಾಗಿದೆ ಅವರಿಗೆ," ಅಂದರು. ಹೌದು ಅಂದುಬಿಟ್ಟೆ.

ಮನೆಗೆ ಬಂದು ಇದನ್ನು ಹೇಳಿದರೆ ಮಾವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು.

ಮಾರ್ಚ್ 23, ಭಾನುವಾರ

ನನ್ನ ಹೌದು-ಇಲ್ಲ ಹಾಳೆಯ ಫೋಟೋ ತೆಗೆದು ಕೊಕ್ಕರೆಗೆ ಕಳಿಸಿದ್ದೆ. ಕೂಡಲೇ ಉತ್ತರ ಬಂತು. ಇದನ್ನು ಮೊದಲ ದಿನವೇ ಕೇಳಬೇಕಿತ್ತು, ತಪ್ಪಾಯಿತು ಅಂತ ಶುರುಮಾಡಿದ್ದ.

ಡಬ್ಬಿ ಏಳುವಾಗ ಹೊಟ್ಟೆಯೊಳಗಿನ ಮೆಮೊರಿ, ಪಕ್ಕೆಯ ಕಾರ್ಡು ಎರಡನ್ನೂ ಕೂಗುತ್ತದಂತೆ. ಮೊದಲು ಓಗೊಟ್ಟದ್ದಕ್ಕೆ ಸೊನ್ನೆ ನಂಬರು, ಆಮೇಲಿನದಕ್ಕೆ ಒಂದನೇ ನಂಬರು. ಮಾತಾಡುವ ವ್ಯವಸ್ಥೆಯನ್ನು ಸೊನ್ನೆ ನಂಬರಿನಲ್ಲಿ ಹುಡುಕು ಅಂತ, ಕಾರ್ಡು ತುಂಬಿಸಿದಾಗ ಅವರು ಬೂಟ್ ಸಾಲಿನಲ್ಲಿ ಬರೆದಿಟ್ಟಿದ್ದಾರೆ. ಮೂರು ವರ್ಷ ಕಾರ್ಡೇ ಮೊದಲು ಓಗೊಡುತ್ತಿತ್ತು, ಸರಿಹೋಗುತ್ತಿತ್ತು. ಈಗ ಕಾರ್ಡಿಗೆ ವಯಸ್ಸಾಗಿ ನಿಧಾನವಾಗಿದೆ. ನಾನು ತಂದ ಹೊಸದೂ ಅಂಥ ಚುರುಕಿನದ್ದಲ್ಲ, ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ. ಸೋತ ದಿನ ಡಬ್ಬಿ ತಪ್ಪು ಮನೆಗೆ ಹೋಗಿ ಬಾಗಿಲು ಬಡಿದು, ಬೇಕಾದವರು ಸಿಗದೆ ಗಾಬರಿಯಾಗುತ್ತದೆ.

ಕೆಟ್ಟದ್ದು ಏನೂ ಇಲ್ಲ! ಮೂರು ವಾರದಿಂದ ಕೆಡದೆ ಇರುವುದನ್ನು ರಿಪೇರಿ ಮಾಡುತ್ತಿದ್ದೇನೆ.

ಮದ್ದು ಏನೆಂದರೆ ನಂಬರು ಬಿಟ್ಟು ಹೆಸರು ಹಿಡಿದು ಕರೆಯಬೇಕು. ಕಾರ್ಡಿನ ಆ ಭಾಗಕ್ಕೆ ಹೆಸರು ಇದೆಯೇ ಅಂತ ನೋಡಲು ಮೂಗ ವ್ಯವಸ್ಥೆಯಲ್ಲಿ ಡಬ್ಬಿ ಎಬ್ಬಿಸಿ ಒಂದು ಆಜ್ಞೆ ಬರೆಯಬೇಕಿತ್ತು. ಬರೆದೆ. ಹೆಸರು ಬಂತು. ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪ' ಅಂತ.

ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಅವರು ಹೀಗೆ ಹೆಸರಿಟ್ಟಿರಬಹುದು ಅಂತ ಊಹಿಸಿರಲಿಲ್ಲ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಏನು ಬಂತೋ ಗೊತ್ತಿಲ್ಲ.

ಬೂಟ್ ಸಾಲಿನಲ್ಲಿ ನಂಬರು ಅಳಿಸಿ ಹೆಸರು ಬರೆದೆ. ಆನ್ ಮಾಡಿದೆ. ಗಾಬರಿ.

ಮಾರ್ಚ್ 24, ಸೋಮವಾರ

ಆಗಲಿಲ್ಲ.

ಮಾರ್ಚ್ 25, ಮಂಗಳವಾರ

ಆಗಲಿಲ್ಲ. ಮುಂಚೆ ಅರ್ಧದಷ್ಟು ಸಲವಾದರೂ ಏಳುತ್ತಿತ್ತು. ಈಗ ಒಮ್ಮೆಯೂ ಇಲ್ಲ. ಮಾವ "ಬಿಡಮ್ಮ" ಅಂದರು. ಬಿಡುವುದಿಲ್ಲ ಅಂದೆ. ಯಾಕೆ ಅಷ್ಟು ಒರಟಾಗಿ ಅಂದೆನೋ.

ಮಾರ್ಚ್ 26, ಬುಧವಾರ

ನಾಚಿಕೆಗೇಡು. ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್. ನಾನು ಸಣ್ಣಕ್ಷರ ಹಾಕಿದ್ದೆ.

ನಮ್ಮ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಅನ್ನುವ ಕಾಟವಿಲ್ಲ, ಹಾಗಾಗಿ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ದಿನಾ ಎರಡೂ ಭಾಷೆಯ ಪ್ರೂಫ್ ನೋಡುವವಳು ನಾನು. ಕಂಡುಹಿಡಿದದ್ದು ಹೇಗೆ ಅಂದರೆ, ಸಾಲನ್ನು ಮಾವನಿಗೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಹೇಳಿದೆ. ಅವರು ತಿರುಗಿ ಹೇಳುತ್ತ, "ಎ ದೊಡ್ಡದೋ ಚಿಕ್ಕದೋ?" ಅಂದರು. ಅಷ್ಟೇ.

ಒಂದಲ್ಲ, ಇಪ್ಪತ್ತು ಸಲ ಆರಿಸಿ ಹಚ್ಚಿದೆ. ಇಪ್ಪತ್ತು ಸಲವೂ "ಸಿದ್ಧ". ಇಪ್ಪತ್ತನೆಯ ಸಲ ಮಾವ, "ಸಾಕು, ಅದಕ್ಕೂ ಸುಸ್ತಾಗುತ್ತೆ," ಅಂದರು.

ಬಟನ್ ಅದುಮಿಕೊಳ್ಳದೆ ಆನ್ ಮಾಡಿದರೆ ತಾನಾಗಿ ಮಾತಾಡುವುದೇ ಏಳಬೇಕು ಅಂತ ಅದನ್ನು ಪಟ್ಟಿಯ ತಲೆಗೆ ತಂದೆ. ಅರ್ಧಕ್ಕೆ ಬಿಟ್ಟ ಮೂರನೆಯದನ್ನು ಅಳಿಸಿಬಿಡಿ ಅಂದ ಕೊಕ್ಕರೆ. ಕೈ ಬರಲಿಲ್ಲ. ಪಟ್ಟಿಯ ಕೊನೆಯಲ್ಲಿ ಇರಲಿ, ಅದರ ಪಾಡಿಗೆ.

ಮಾರ್ಚ್ 28, ಶುಕ್ರವಾರ

ಇನ್ನು ಸಂಜೆ ಗಂಟಲು ನೋಯಿಸಿಕೊಳ್ಳುವುದು ತಪ್ಪಿತು ಅಂದುಕೊಂಡಿದ್ದೆ. ಮೂಲವನ್ನು ಡಬ್ಬಿ ಓದುತ್ತದೆ, ನಾನು ಅಚ್ಚು ನೋಡುತ್ತೇನೆ. ಒಂದು ಪುಟ ಹಾಗೇ ಆಯಿತು. ಮಾವ ಡಬ್ಬಿ ಮುಚ್ಚಿಬಿಟ್ಟರು.

"ಇದು ಬಿಂದು ನುಂಗುತ್ತೆ. ನೀನೇ ಓದು."

ಆಮೇಲೆ ಅವರು ಹೊರಗೆ ಜಗಲಿಯಲ್ಲಿ ಕೂತಾಗ ನಾನು ಪರೀಕ್ಷೆ ಮಾಡಿದೆ. ಸೊನ್ನೆ ಬಿಂದು ಐದು. ಎರಡು ಬಿಂದು ಎರಡು ಐದು. ಒಂದು ಬಿಂದುವನ್ನೂ ನುಂಗುವುದಿಲ್ಲ, ಗಂಟೆ ಹೊಡೆದ ಹಾಗೆ ಹೇಳುತ್ತದೆ. ಮಾವನ ಕಿವಿಗೆ ತಪ್ಪು ಕೇಳಿಸುವ ಮಾತೇ ಇಲ್ಲ. ಮತ್ತೆ ಯಾಕೆ ಹಾಗಂದರು? ಅರ್ಥವಾಗಲಿಲ್ಲ. ಆಗಲಿ ಅಂತ ನಾನೇ ಓದಿದೆ.

ಏಪ್ರಿಲ್ 2, ಬುಧವಾರ

ಪ್ರೆಸ್ಸಿನ ಹಿಂದಿನ ಕೋಣೆ ಬೇಡ ಅಂತ ಹೇಳಿ ಬಂದೆ. ನಲ್ಲಿ ಸೋರುತ್ತದೆ. ಕಿಟಕಿಯೂ ಪಶ್ಚಿಮಕ್ಕಿದೆ, ಮಧ್ಯಾಹ್ನದ ಬಿಸಿಲು. ಕೋಣೆಯ ಯಜಮಾನಿ, "ಮೊದಲು ನೋಡಿದಾಗಲೂ ಅಲ್ಲೇ ಇತ್ತಲ್ಲಮ್ಮ ಕಿಟಕಿ?" ಅಂದರು. ಕೊಂಕು ಮಾತಾಡುವ ಹೆಂಗಸು. ಬೇರೆ ಕಡೆ ನೋಡಿದರಾಯಿತು, ಅವಸರವೇನಿಲ್ಲ.

ಏಪ್ರಿಲ್ 6, ಭಾನುವಾರ

ಹನ್ನೊಂದಕ್ಕೆ ಬಂದರು. ತೆಳ್ಳಗಾಗಿದ್ದಾರೆ. ಕಾಲರ್ ಒಂದು ಕಡೆ ಮಡಚಿಕೊಂಡಿತ್ತು, ನಾನು ಸರಿಮಾಡಲಿಲ್ಲ.

ಮೊದಲು ಕೈ ಹೋದದ್ದೇ ಡಬ್ಬಿಗೆ. ಆನ್ ಮಾಡಿ, ಪಟ್ಟಿ ತೆಗೆದು, ಬೂಟ್ ಸಾಲು ನೋಡಿದರು.

"ಇದನ್ನ ಯಾರು ಬದಲಾಯಿಸಿದ್ದು?"

"ನಾನು."

"ನೀನಾ?"

"ನಂಬರು ಬದಲಾಗ್ತಿತ್ತು. ಹೆಸರು ಹಾಕಿದೆ."

ಹಾಗಲ್ಲ ಹೀಗೆ ಅಂತ ಏನಾದರೂ ಬರುತ್ತದೆ ಅಂತ ಕಾದೆ. ಬರಲಿಲ್ಲ. "ನಾನೇ ಮೊದಲು ಹಾಗೆ ಮಾಡ್ಬೇಕಿತ್ತು," ಅಂದರು, ಪರದೆಗೆ ಹೇಳುವ ಹಾಗೆ.

ಊಟವಾದ ಮೇಲೆ, "ಅಪ್ಪಾ, ಬಟ್ಟೆ ಎಲ್ಲ ಕಟ್ಟಿದ್ಯಾ? ಮೂರೂವರೆ ಬಸ್ಸು," ಅಂದರು. ನಾನು ತಟ್ಟೆ ಎತ್ತುತ್ತಿದ್ದೆ. ತಿರುಗಿ ನೋಡಿದವಳೇ, "ಮಾವ ಇಲ್ಲೇ ಇರ್ತಾರೆ," ಅಂದೆ. ಮೊದಲೇ ಯೋಚಿಸಿ ಆಡಿದ ಮಾತಲ್ಲ ಅದು. ನನ್ನ ಬಾಯಿಂದ ಬಂದದ್ದನ್ನು ನಾನೂ ಅವರ ಜೊತೆಗೇ ಕೇಳಿಸಿಕೊಂಡೆ.

"ಇಲ್ಲೇ ಅಂದ್ರೆ? ನಾನು ಮನೆ ಮಾಡಿರೋದೇ ಅಪ್ಪನಿಗೋಸ್ಕರ."

"ಎಂಟು ತಿಂಗಳು ಅಪ್ಪ ಎಲ್ಲಿದ್ರು?"

"ಅದು ಬೇರೆ ವಿಷಯ..."

ಮಾವ ಮೇಜಿಗೆ ಅಂಗೈಯಿಂದ ಬಡಿದರು. ಲೋಟ ಉರುಳಿತು.

"ನಾನೇನು ನಿಮ್ಮ ಲಗೇಜಾ? ಒಬ್ಬರು ಎತ್ಕೊಂಡು ಹೋಗ್ತೀನಿ ಅಂತೀರಿ, ಒಬ್ಬರು ಇಲ್ಲೇ ಇಡ್ತೀನಿ ಅಂತೀರಿ. ನನ್ನನ್ನ ಒಂದು ಮಾತು ಕೇಳಿದ್ದೀರಾ?"

ಇಬ್ಬರೂ ತಲೆ ತಗ್ಗಿಸಿದೆವು. ಓರೆಗಣ್ಣಿನಲ್ಲಿ ಮಗನ ಮುಖ ನೋಡಿದೆ, ಅವರೂ ನನ್ನ ಮುಖ ನೋಡಿದರು. ಮಾರ್ಕು ಕಡಿಮೆ ಬಂದ ಮಕ್ಕಳ ಹಾಗೆ.

ಮಾವ ನೀರು ಕುಡಿದು ಮೆತ್ತಗಾದರು. "ಒಂದು ವಾರ ಬರ್ತೀನಿ ಕಣೋ. ನಿನ್ನ ಮನೆ ಹೇಗಿದೆ ಅಂತ ನನಗೂ ತಿಳೀಬೇಕು. ಮುಂದಿನ ಸೋಮವಾರಕ್ಕೆ ವಾಪಸ್ಸು. ನಮಗೆ ಕೆಲಸ ಇದೆ."

ಮೂರೂವರೆ ಬಸ್ಸಿಗೆ ಹೋದರು. ಮಾವನ ಚೀಲದಲ್ಲಿ ಡಬ್ಬಿ, ಚಾರ್ಜರು, ಕೆಮ್ಮಿನ ಗುಳಿಗೆ, ಎರಡು ಜೊತೆ ಬಟ್ಟೆ. ನಾನೇ ತುಂಬಿದ್ದು.

ಏಪ್ರಿಲ್ 8, ಮಂಗಳವಾರ

ಎರಡು ಲೋಟ ಟೀ ಮಾಡಿದೆ. ಎರಡೂ ಕುಡಿದೆ.

ಏಪ್ರಿಲ್ 10, ಗುರುವಾರ

ತಲೆನೋವಿನ ಗುಳಿಗೆಯ ಚೀಟಿ. ಒಬ್ಬಳೇ ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯಾಕೆ ಬಂದು ಯಾರಿಗಾದರೂ ಹುಷಾರಿಲ್ಲವೇ ಅಂತ ವಿಚಾರಿಸಿಕೊಂಡು ಹೋದಳು.

ಮನೆ ನಿಶ್ಶಬ್ದವಾಗಿದೆ. ಇದೇ ಬೇಕು ಅಂತ ಎಂಟು ತಿಂಗಳು ಹಂಬಲಿಸಿದ್ದೆ. ಈಗ ಸಿಕ್ಕಿದೆ. ಇದನ್ನಿಟ್ಟುಕೊಂಡು ಏನು ಮಾಡುವುದು ಅಂತ ಹೊಳೆಯುತ್ತಿಲ್ಲ. ಮೈ ಸರಿಯಿಲ್ಲವೇನೋ.

ಏಪ್ರಿಲ್ 13, ಭಾನುವಾರ

ಸೋಮವಾರ ಅಂದಿದ್ದವರು ಇವತ್ತೇ ಬಂದರು. ಬೆಳಗ್ಗೆ ಫೋನ್ ಮಾಡಿದ್ದರು, ಅಲ್ಲಿ ಮಗ ಬಸ್ ಹತ್ತಿಸುತ್ತಾನೆ, ಇಲ್ಲಿ ನೀನು ಇಳಿಸಿಕೋ ಅಂತ. ಬಸ್ಸು ಮೂರಕ್ಕೆ. ನಾನು ಎರಡೂಕಾಲಿಗೇ ಹೋಗಿ ನಿಂತಿದ್ದೆ, ಆಟೋ ಸಿಗುತ್ತದೋ ಇಲ್ಲವೋ ಅಂತ.

ಕಂಡಕ್ಟರ್ ಕೈ ಹಿಡಿದು ಇಳಿಸಿದರು. "ಬಂದ್ಯಾ?" ಅಂದರು ಮಾವ, ನಾನಿನ್ನೂ ಬಾಯಿ ಬಿಡುವ ಮುಂಚೆ. ಚೀಲ ತಗೊಂಡೆ. ಮನೆ ಹೇಗಿದೆ ಅಂತ ಕೇಳಿದೆ.

"ಚೆನ್ನಾಗಿದೆ. ಕಂಬಿ ಗಟ್ಟಿಯಾಗಿ ಹಾಕಿಸಿದ್ದಾನೆ. ಅಡುಗೆ ಮಾತ್ರ ಬಾಯಿಗಿಡೋ ಹಾಗಿಲ್ಲ." ನಾಲ್ಕು ಹೆಜ್ಜೆ ನಡೆದು ನಿಂತರು. "ಒಂಟಿ ಇದ್ದಾನೆ ಕಣಮ್ಮ. ಇರ್ಬೇಕು ಅಂತ ಹೋದೋನು, ಇರೋಕೆ ಬರ್ತಿಲ್ಲ. ತಿಂಗಳಿಗೊಂದು ವಾರ ಹೋಗ್ಬರ್ತೀನಿ ಅಂದಿದ್ದೀನಿ."

"ಹೋಗ್ಬನ್ನಿ ಮಾವ."

"ಅದಲ್ಲ ನಾನು ಕೇಳ್ಬೇಕಾಗಿರೋದು." ಸುತ್ತ ಬಸ್ಸುಗಳ ಹಾರನ್ನು, ಊರುಗಳ ಹೆಸರು ಕೂಗುವವರ ಗಲಾಟೆ. ಮಾವ ನನ್ನ ತೋಳು ಹಿಡಿದುಕೊಂಡೇ ಇದ್ದರು. "ಅವನು ನನ್ನ ಮಗ. ಅಲ್ಲಿರೋದಕ್ಕೆ ನನಗೆ ಹಕ್ಕಿದೆ. ನಿನ್ನ ಹತ್ತಿರ ನನಗೆ ಯಾವ ಹಕ್ಕೂ ಇಲ್ಲ. ಅವತ್ತು ಅವನೆದುರು ಹಟಕ್ಕೆ ಅಂದಿದ್ರೆ ಅದೂ ಸರಿ, ನನಗೆ ಬೇಜಾರಿಲ್ಲ. ಭಾರ ಅನ್ನಿಸಿದ್ರೆ ಈಗಲೇ ಹೇಳ್ಬಿಡು. ಆ ಬಸ್ಸು ಇನ್ನೂ ನಿಂತಿದೆ."

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ಮಾವ ಕಾಯುತ್ತಲೇ ಇದ್ದರು. ಮತ್ತೆ ಅಲ್ಲಾಡಿಸಿದೆ. ಆಮೇಲೆ ತಿಳಿಯಿತು, ಅವರಿಗೆ ಅದು ಹೇಗೆ ಕಾಣಬೇಕು? ಬಾಯಿ ಬಿಟ್ಟು ಹೇಳಲೇಬೇಕಿತ್ತು.

"ಭಾರ ಇಲ್ಲ ಮಾವ. ನೀವು ಇರಿ. ನನಗೆ ನೀವು ಬೇಕು."

ಬಸ್ಸಿನ ಸದ್ದಿಗೆ ಕೇಳಿಸದೆ ಹೋದೀತು ಅಂತ ಗಟ್ಟಿಯಾಗಿ ಅಂದೆ. ಎಷ್ಟು ಗಟ್ಟಿಯಾಗಿ ಅಂದರೆ ಟಿಕೆಟ್ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನನ್ನ ತೋಳಿನ ಹಿಡಿತ ಸ್ವಲ್ಪ ಸಡಿಲವಾಯಿತು.

"ಸರಿ ಹಾಗಾದ್ರೆ," ಅಂದರು. "ಆಟೋ ಬೇಡ. ನಡೆದೇ ಹೋಗೋಣ. ಬಸ್ಸಲ್ಲಿ ಕೂತು ಕಾಲು ಜೋಮು ಹಿಡಿದಿದೆ."

ಮುಕ್ಕಾಲು ಗಂಟೆ ಬೇಕಾಯಿತು. ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆವು.